ಹೂವಿನ ಹಾರದ ಜೊತೆಗೆ ಒಂದು ಹಿಡಿ ಗ್ರೀಸ್

ಪುಣೆಯಿಂದ ಸಾತಾರಾ, ಕೊಲ್ಹಾಪುರ ದಾಟಿ ನಿಪ್ಪಾಣಿ ಕಡೆಗೆ ಓಡಾಡುವ ನಮ್ಮಂಥವರಿಗೆ ಕಬ್ಬಿನ ಹಂಗಾಮು ಶುರುವಾದದ್ದನ್ನು ಯಾರೂ ಹೇಳಬೇಕಿಲ್ಲ. ದೀಪಾವಳಿಯ ಆಸುಪಾಸಿನಿಂದ ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ನಡುವೆ ಅಲ್ಲೊಂದು ಇಲ್ಲೊಂದು ಟ್ರೇಲರ್ ಚಕ್ರ ಕಳಚಿಕೊಂಡು, ಕಲ್ಲಿನ ಮೇಲೆ ಅಚ್ಚು ಊರಿ ನಿಂತಿರುತ್ತದೆ. ಹಿಂದೆ ಬರುವವರಿಗೆ ಎಚ್ಚರಿಕೆಯೆಂದರೆ ರಸ್ತೆ ಮೇಲಿಟ್ಟ ಒಂದು ಸೊಪ್ಪಿನ ಟೊಂಗೆ. ಪಂಕ್ಚರ್ ಇರಬೇಕು ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ಎಷ್ಟೋ ಸಲ ಅದು ಪಂಕ್ಚರ್ ಅಲ್ಲ, ಬೇರಿಂಗ್.

ಟ್ರ್ಯಾಕ್ಟರ್‌ಗೆ ಎಂಜಿನ್ ಇದೆ, ಹಾಗಾಗಿ ಸರ್ವಿಸ್ ಇದೆ. ಇಷ್ಟು ಗಂಟೆ ಓಡಿತು ಎಂದು ಮೀಟರ್ ತೋರಿಸುತ್ತದೆ, ಆಯಿಲ್ ಬದಲಾಗುತ್ತದೆ. ಟ್ರೇಲರ್‌ಗೆ ಎಂಜಿನ್ನೂ ಇಲ್ಲ, ಮೀಟರೂ ಇಲ್ಲ. ಮಳೆಗಾಲವೆಲ್ಲ ಹಿತ್ತಲಲ್ಲಿ ನೆನೆಯುತ್ತ ನಿಂತು, ಕಬ್ಬು ಕಡಿಯುವ ದಿನ ನೇರವಾಗಿ ಹೊಲಕ್ಕೆ ಹೋಗುತ್ತದೆ. ಖಂಡೇನವಮಿಗೆ ಅದಕ್ಕೂ ನೀರು ಹೊಡೆದು, ಅರಿಸಿನ ಕುಂಕುಮ ಹಚ್ಚಿ, ಹಾರ ಹಾಕುತ್ತೇವೆ. ಆದರೆ ಹಬ್‌ನ ಮುಚ್ಚಳ ತೆಗೆದು ಒಳಗೆ ಏನಿದೆ ಎಂದು ನೋಡುವವರು ಕಡಿಮೆ.

ಅಜ್ಜನ ಕಾಲದ ಚಕ್ಕಡಿಗೆ ಈ ತೊಂದರೆ ಇರಲಿಲ್ಲ. ಗಾಲಿ ಕಿರ್ ಎಂದರೆ ಕೀಲೆಣ್ಣೆ ಬೇಕು ಎಂದು ಮನೆಯ ಹುಡುಗನಿಗೂ ಗೊತ್ತಾಗುತ್ತಿತ್ತು. ಟ್ರೇಲರ್‌ನ ಬೇರಿಂಗ್ ಹಬ್‌ನೊಳಗೆ ಮುಚ್ಚಿಕೊಂಡಿದೆ. ಅದರ ಸದ್ದು ಟ್ರ್ಯಾಕ್ಟರ್‌ನ ಸದ್ದು ಮೀರಿ ಚಾಲಕನಿಗೆ ಕೇಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಸಾಮಾನ್ಯವಾಗಿ ಒಂದು ಹಬ್‌ನಲ್ಲಿ ಎರಡು ಬೇರಿಂಗ್‌ಗಳು, ಒಳಬದಿಗೆ ದೊಡ್ಡದು, ಹೊರಬದಿಗೆ ಸಣ್ಣದು. ಎರಡೂ ಟೇಪರ್ ರೋಲರ್ ಜಾತಿಯವು, ಅಂದರೆ ಒಳಗಿನ ರೋಲರ್‌ಗಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಪೂರ. ಈ ಓರೆಯಿಂದಾಗಿ ಅವು ಮೇಲಿನ ಭಾರವನ್ನೂ ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲವನ್ನೂ ಒಟ್ಟಿಗೆ ತಾಳುತ್ತವೆ. 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಅಮೆರಿಕದ ಹೆನ್ರಿ ಟಿಮ್ಕೆನ್ ಕುದುರೆಗಾಡಿ ಮಾಡುತ್ತಿದ್ದವನು. ಅಂದರೆ ಈ ಬೇರಿಂಗ್ ಹುಟ್ಟಿದ್ದೇ ಗಾಡಿಯ ಗಾಲಿಗಾಗಿ. ಅಲ್ಲಿ ರಜೆಗೆ ಹೊರಟ ಕುಟುಂಬಗಳು ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರ್‌ಗಳಲ್ಲೂ ಇದೇ ಬಗೆಯ ಹಬ್ ಇರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ತುಂಬಿ ಎಂದು ಅಚ್ಚು ತಯಾರಿಸುವವರೇ ಅವರಿಗೆ ಹೇಳುತ್ತಾರೆ. ಮಂಚ, ಒಲೆ ಹೊತ್ತ ಟ್ರೇಲರ್‌ಗೇ ಅಷ್ಟು ಆರೈಕೆ ಬೇಕಾದರೆ ಟನ್‌ಗಟ್ಟಲೆ ಕಬ್ಬು ಹೊತ್ತದ್ದಕ್ಕೆ?

ಎಂ.ಟೆಕ್. ಓದುವಾಗ ನಾನು ಬೇರಿಂಗ್ ಕಂಡದ್ದು ಕಂಪ್ಯೂಟರ್ ಪರದೆ ಮೇಲೆ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಬೇರಿಂಗ್ ಕಂಪನದ ದತ್ತಾಂಶವನ್ನು ಎಲ್ಲರಿಗೂ ಮುಕ್ತವಾಗಿಟ್ಟಿದೆ. ಬೇಕೆಂದೇ ಗಾಯ ಮಾಡಿದ ಬೇರಿಂಗ್‌ಗಳನ್ನು ಓಡಿಸಿ, ಸೆಕೆಂಡಿಗೆ 12,000 ಸಲ ಕಂಪನ ಅಳೆದ ದಾಖಲೆಗಳು ಅದರಲ್ಲಿವೆ. ಅಲ್ಲಿನ ಅತಿ ಚಿಕ್ಕ ಗಾಯದ ಅಗಲ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಅದೂ ಗ್ರಾಫ್‌ನಲ್ಲಿ ಮುಖ ತೋರಿಸುತ್ತದೆ. ಬೇರಿಂಗ್ ಬಹುಮಟ್ಟಿಗೆ ಹೇಳದೆ ಕೇಳದೆ ಸಾಯುವುದಿಲ್ಲ, ಮೊದಲು ಹೇಳಿಯೇ ಹೇಳುತ್ತದೆ. ನಮ್ಮೂರಿನಲ್ಲಿ ಸೆನ್ಸರ್ ಇಲ್ಲ, ಕೈ ಇದೆ. ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಪ್ರತಿ ಹಬ್‌ನ ಹತ್ತಿರ ಕೈ ಒಡ್ಡಿ, ಆಮೇಲೆ ಮೆಲ್ಲಗೆ ಮುಟ್ಟಿ ನೋಡಬೇಕು. ಎಲ್ಲವೂ ತುಸು ಬೆಚ್ಚಗಿದ್ದು ಒಂದು ಮಾತ್ರ ಕೈ ಸುಡುವಂತಿದ್ದರೆ ಆ ಚಕ್ರ ಸಹಾಯ ಕೇಳುತ್ತಿದೆ ಎಂದೇ ಅರ್ಥ.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಟ್ರೇಲರ್‌ಗೆ ಒಂದೂವರೆ ಪಟ್ಟು ಭಾರ ಹೇರಿದರೆ ಬೇರಿಂಗ್‌ನ ಆಯುಷ್ಯವೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ರೋಲರ್ ಬೇರಿಂಗ್‌ಗೆ ಎಂಜಿನಿಯರುಗಳು ಬಳಸುವ ಸೂತ್ರದ ಪ್ರಕಾರ ಭಾರ ಒಂದೂವರೆ ಪಟ್ಟಾದರೆ ಆಯುಷ್ಯ ಸುಮಾರು ಕಾಲು ಭಾಗಕ್ಕೆ, ಎರಡು ಪಟ್ಟಾದರೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಖೇಪು ಉಳಿಸಲು ಹೇರಿದ ಹೆಚ್ಚುವರಿ ಕಬ್ಬಿನ ಬೆಲೆ ಇದು.

ಇನ್ನು ಕೆಲಸಕ್ಕೆ ಬರೋಣ. ಖಾಲಿ ಟ್ರೇಲರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿ, ಅಚ್ಚಿನ ಕೆಳಗೆ ಗಟ್ಟಿ ಆಸರೆ ಇಡಬೇಕು. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಕೈ ಹಾಕಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ತಿರುಗಿಸಿ. ಕಟಕಟ ಅಲ್ಲಾಡಿದರೆ ಅಥವಾ ಗರಗರ ಎಂದರೆ ಬಿಚ್ಚಲೇಬೇಕು. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಬಿಚ್ಚುವುದು ಲೇಸು.

ಹೊರಬಂದ ಬೇರಿಂಗನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಹಳೆಯ ಗ್ರೀಸ್ ಪೂರ್ತಿ ಹೋಗುವಂತೆ ತೊಳೆದು ಒಣಗಿಸಬೇಕು. ಗಾಳಿಯ ಪೈಪ್ ಹಿಡಿದು ಗಿರ್ರನೆ ತಿರುಗಿಸುವ ಹುಡುಗಾಟ ಬೇಡ, ರೋಲರ್ ಸಿಡಿದು ಕಣ್ಣಿಗೆ ಬಡಿಯಬಹುದು. ಬೆಳಕಿಗೆ ಹಿಡಿದು ನೋಡಿದಾಗ ರೋಲರ್‌ಗಳು ನುಣ್ಣಗೆ ಬೆಳ್ಳಗಿರಬೇಕು. ನೀಲಿ ಬಣ್ಣಕ್ಕೆ ತಿರುಗಿದ್ದರೆ ಕಾದಿದೆ, ಸಣ್ಣ ಗುಳಿ ಬಿದ್ದಿದ್ದರೆ ಸವೆದಿದೆ, ತುಕ್ಕಿನ ಗೆರೆಯಿದ್ದರೆ ನೀರು ಹೋಗಿದೆ. ಈ ಮೂರರಲ್ಲಿ ಒಂದಿದ್ದರೂ ಬದಲಾಯಿಸಿ. ಬದಲಾಯಿಸುವಾಗ ಹಬ್‌ನೊಳಗೆ ಕೂತ ಕಪ್ಪನ್ನೂ ಬಡಿದು ತೆಗೆಯಬೇಕು. ಹಳೆಯ ಕಪ್‌ನಲ್ಲಿ ಹೊಸ ಬೇರಿಂಗ್ ಕೂರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ.

ಗ್ರೀಸ್ ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು, ಬೇರಿಂಗ್‌ನ ದಪ್ಪ ಬದಿಯನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯಲ್ಲಿ ಗ್ರೀಸ್ ಉಕ್ಕುವ ತನಕ ತುಂಬಬೇಕು. ಚಕ್ರದ ಬೇರಿಂಗ್‌ಗೆಂದೇ ಬರುವ, ಎನ್‌ಎಲ್‌ಜಿಐ 2 ದರ್ಜೆಯ ಲಿಥಿಯಂ ಗ್ರೀಸ್ ಸಾಕು. ಹಳೆಯದರ ಮೇಲೆ ಬೇರೆ ಜಾತಿಯದನ್ನು ಬೆರೆಸಬೇಡಿ, ಕೆಲವು ಜಾತಿಗಳು ಒಂದಕ್ಕೊಂದು ಹೊಂದದೆ ನೀರಾಗಿ ಹರಿದುಹೋಗುತ್ತವೆ. ಹಬ್‌ನ ಹೊಟ್ಟೆಯನ್ನು ಪೂರ್ತಿ ತುಂಬುವುದೂ ಸರಿಯಲ್ಲ, ಗ್ರೀಸ್ ಕಡೆದು ಕಡೆದು ಬಿಸಿಯಾಗುತ್ತದೆ.

ನಟ್ ಬಿಗಿಯುವುದೇ ನಾಜೂಕಿನ ಭಾಗ. ಚಕ್ರ ತಿರುಗಿಸುತ್ತಲೇ ಬಿಗಿ ಮಾಡಿ, ಆಮೇಲೆ ತುಸು ಹಿಂದಕ್ಕೆ ಸಡಿಲಿಸಬೇಕು. ಚಕ್ರ ಸರಾಗ ತಿರುಗಬೇಕು, ಕೂದಲೆಳೆಯಷ್ಟು ಮಾತ್ರ ಆಡಬೇಕು. ಭದ್ರವಾಗಿರಲಿ ಎಂದು ಪೂರಾ ಬಿಗಿದರೆ ಬೇರಿಂಗ್ ಕಾದು ಜಾಮ್ ಆಗುತ್ತದೆ. ಆಯಿಲ್ ಸೀಲ್ ಮತ್ತು ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ ಇರಲಿ. ಚಕ್ರ ಅಚ್ಚಿನಿಂದ ಕಳಚದಂತೆ ತಡೆಯುವುದು ನಟ್, ಆ ನಟ್ ತಿರುಗದಂತೆ ತಡೆಯುವುದು ಆ ಪುಟ್ಟ ತಂತಿ.

ನೀರಿನ ಬಗ್ಗೆ ಒಂದು ಮಾತು. ಕಾದ ಹಬ್ ಹಳ್ಳದ ನೀರಿಗೆ ಇಳಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸವೆದ ಸೀಲ್‌ನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಪೂಜೆಗೆ ಮೊದಲು ಪ್ರೆಶರ್ ಪೈಪ್‌ನಿಂದ ನೇರವಾಗಿ ಹಬ್‌ಗೆ ನೀರು ಹೊಡೆದರೂ ಅದೇ ಗತಿ. ತೊಳೆಯುವುದು ಮೊದಲು, ಗ್ರೀಸ್ ಆಮೇಲೆ.

ಹೊಲದ ಹೊಣೆ ಊರಿನಲ್ಲಿರುವವರದ್ದು, ನಮ್ಮದು ತಿಂಗಳಿಗೊಮ್ಮೆ ಕಳಿಸುವ ಹಣ ಎಂಬ ಏರ್ಪಾಡು ನಮ್ಮಲ್ಲಿ ಹಲವರ ಮನೆಯಲ್ಲಿದೆ. ಫೋನಿನಲ್ಲಿ ಮಳೆ, ಬೆಲೆ, ಮದುವೆ ಎಲ್ಲ ವಿಚಾರಿಸುತ್ತೇವೆ. ಹಂಗಾಮಿಗೆ ಮೊದಲು ‘ಕಾಕಾ, ಟ್ರೇಲರ್ ಗಾಲಿ ಎತ್ತಿ ಅಳ್ಳಾಡಿಸಿ ನೋಡೀರೇನು?’ ಎಂದೂ ಕೇಳೋಣ. ಚಕ್ರ ಕಳಚಿದರೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುವುದು ಸಣ್ಣ ನಷ್ಟ. ದೊಡ್ಡದು, ಕತ್ತಲಲ್ಲಿ ಆ ಟ್ರೇಲರ್‌ನ ಹಿಂದೆ ಬೈಕ್‌ನಲ್ಲಿ ಬರುವವರ ಜೀವ. ಟ್ರೇಲರ್ ಕೆಳಗೆ ಬಾಗಿ ಚಕ್ರ ಸರಿಪಡಿಸುವ ಚಾಲಕನದ್ದೂ ಜೀವವೇ.

ಸೀಲ್, ಪಿನ್, ಗ್ರೀಸ್ ಡಬ್ಬಿ ಪೇಟೆಯಲ್ಲಿ ಸಿಗುವ ವಸ್ತುಗಳು. ಬೇರಿಂಗ್ ಮೇಲೆ ಕೊರೆದ ನಂಬರಿನ ಫೋಟೊ ಊರಿನಿಂದ ತರಿಸಿಕೊಂಡರೆ ನಾವೇ ಕೊಂಡೊಯ್ಯಬಹುದು. ಖಂಡೇನವಮಿಗೆ ಊರಿಗೆ ಹೋಗುವವರು ಒಂದು ದಿನ ಮೊದಲೇ ಹೊರಡಿ. ಆ ದಿನ ಜ್ಯಾಕ್, ಸೀಮೆಎಣ್ಣೆ, ಹಳೆ ಬಟ್ಟೆಗೆ ಮೀಸಲಿರಲಿ. ಹಾರ ಮರುದಿನ ಹಾಕಿದರಾಯಿತು.