ನಿದ್ದೆ ಬರುತ್ತಿಲ್ಲವೋ, ಬೇಕೆನಿಸುತ್ತಿಲ್ಲವೋ?

ಮನೋವೈದ್ಯರು ಕೇಳುವ ಪ್ರಶ್ನೆಗಳಲ್ಲಿ ತೀರಾ ಸಾದಾ ಎನ್ನಿಸುವಂಥದ್ದು ‘ನಿದ್ದೆ ಹೇಗಿದೆ?’ ಎಂಬುದು. ‘ಮೂರು ಗಂಟೆ ಮಲಗ್ತೀನಿ’ ಎಂದು ಉತ್ತರ ಬಂದರೆ ಅನುಭವಸ್ಥ ವೈದ್ಯರು ಅಷ್ಟಕ್ಕೇ ಬಿಡುವುದಿಲ್ಲ. ‘ಬೆಳಿಗ್ಗೆ ಎದ್ದಾಗ ಸುಸ್ತು ಇರುತ್ತಾ?’ ಎಂದು ಮುಂದುವರಿಸುತ್ತಾರೆ. ಖಿನ್ನತೆಗೆ ಸಿಕ್ಕವರು ರಾತ್ರಿಯಿಡೀ ಹೊರಳಾಡಿ ಬೆಳಗಾಗುವಷ್ಟರಲ್ಲಿ ಸೋತುಹೋಗಿರುತ್ತಾರೆ. ಉನ್ಮಾದ, ಅಂದರೆ ಮೇನಿಯಾ ಏರಿದವರ ಉತ್ತರವೇ ಬೇರೆ: ‘ಸುಸ್ತಾ? ಇಷ್ಟು ಚೆನ್ನಾಗಿ ನಾನು ಯಾವತ್ತೂ ಇರ್ಲಿಲ್ಲ ಸಾರ್. ನಿದ್ದೆ ಅನ್ನೋದೇ ದಂಡ!’ ಪಕ್ಕದಲ್ಲಿ ಕುಳಿತ ಹೆಂಡತಿ ತಲೆ ತಗ್ಗಿಸಿ, ‘ಅಂಗಡಿ ದುಡ್ಡೆಲ್ಲ ಯಾರ್ಯಾರಿಗೋ ಅಡ್ವಾನ್ಸ್ ಕೊಟ್ಬಿಟ್ಟಿದ್ದಾರೆ ಡಾಕ್ಟ್ರೇ’ ಎನ್ನುತ್ತಾರೆ. ಅವರ ಮಾತು ಮುಗಿಯುವ ಮೊದಲೇ ಗಂಡ ನಡುವೆ ಬಾಯಿ ಹಾಕಿರುತ್ತಾನೆ.

ಹೊಟ್ಟೆನೋವಿನವರು ಹೊಟ್ಟೆ ಹಿಡಿದುಕೊಂಡು ಬರುತ್ತಾರೆ. ಮೇನಿಯಾದವರನ್ನು ಬೇರೆಯವರೇ ಹಿಡಿದುಕೊಂಡು ಬರಬೇಕು. ತನಗೆ ಕಾಯಿಲೆ ಇದೆ ಎಂದು ಒಪ್ಪದಿರುವುದೇ ಈ ಕಾಯಿಲೆಯ ಒಂದು ಲಕ್ಷಣ. ಎದುರಿಗೆ ಕೂತವರು ಹೇಳದೇ ಇರುವುದನ್ನು ಅವರ ಮಾತಿನಿಂದಲೇ ಹೆಕ್ಕುವ ಈಗಿನ ಪದ್ಧತಿ ರೂಪುಗೊಳ್ಳಲು ನೂರೈವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಶುರುವಾದದ್ದು ಪ್ಯಾರಿಸ್ಸಿನಲ್ಲಿ, ಅದೂ ಜಗಳದೊಂದಿಗೆ. 1854ರ ಜನವರಿ ಕೊನೆಯಲ್ಲಿ ಜೂಲ್ ಬೈಯಾರ್ಜೆ ಎಂಬ ವೈದ್ಯ ಅಲ್ಲಿನ ವೈದ್ಯಕೀಯ ಅಕಾಡೆಮಿಯ ಮುಂದೆ, ಉನ್ಮಾದವೂ ವಿಷಾದವೂ ಒಂದೇ ರೋಗದ ಎರಡು ಮುಖಗಳು ಎಂದು ಮಂಡಿಸಿದ. ಎರಡೇ ವಾರದಲ್ಲಿ ಝಾನ್ ಪಿಯೇರ್ ಫಾಲ್‌ರೆ ಅದೇ ವೇದಿಕೆಗೆ ಬಂದು, ಇದನ್ನು ತಾನು ಮೊದಲೇ ಪಾಠದಲ್ಲಿ ಹೇಳಿದ್ದೇನೆ ಎಂದು ಪಟ್ಟು ಹಿಡಿದ. ಯಾರು ಮೊದಲು ಎಂಬ ತಕರಾರು ಇಬ್ಬರ ನಡುವೆ ಬಹುಕಾಲ ನಡೆಯಿತು. ನನಗೆ ಮುಖ್ಯ ಎನ್ನಿಸುವುದು ಜಗಳವಲ್ಲ, ಅವರಿಗೆ ಸಿಕ್ಕಿದ್ದ ಅವಕಾಶ. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲೇ ಉಳಿಯುವ ರೋಗಿಗಳ ನಡುವೆ ಕೆಲಸ ಮಾಡಿದ್ದರಿಂದಲೇ, ಈ ವರ್ಷ ಕುಣಿಯುತ್ತಿದ್ದವರು ಮುಂದಿನ ವರ್ಷ ಮೂಲೆ ಸೇರುವುದು ಅವರ ಕಣ್ಣಿಗೆ ಬಿತ್ತು. ಒಂದು ದಿನದ ಭೇಟಿಯಲ್ಲಿ ಅದು ಯಾರಿಗೂ ಕಾಣುವಂಥದ್ದಲ್ಲ.

ಈ ದೀರ್ಘಕಾಲದ ನೋಟವನ್ನು ಪದ್ಧತಿಯಾಗಿಸಿದವನು ಜರ್ಮನಿಯ ಎಮಿಲ್ ಕ್ರೇಪಲಿನ್. ಹೈಡೆಲ್‌ಬರ್ಗಿನಲ್ಲಿ ಪ್ರತಿ ರೋಗಿಗೂ ಒಂದೊಂದು ಕಾರ್ಡ್ ಮಾಡಿ ಲಕ್ಷಣ, ರೋಗದ ಹೆಸರು, ಕೊನೆಗೆ ಏನಾಯಿತು ಎಲ್ಲವನ್ನೂ ಬರೆದಿಡುತ್ತಿದ್ದ. ರಜೆಗೆ ಹೋದರೂ ಕಾರ್ಡುಗಳ ಕಟ್ಟು ಜೊತೆಗೇ. 1899ರಲ್ಲಿ ತನ್ನ ಪಠ್ಯಪುಸ್ತಕದ ಆರನೇ ಆವೃತ್ತಿಯಲ್ಲಿ ಬಂದು ಹೋಗಿ ಮಾಡುವ ಉನ್ಮಾದ-ವಿಷಾದಗಳನ್ನು ಒಂದು ಕಡೆಗೂ, ಕ್ರಮೇಣ ಬುದ್ಧಿಯನ್ನೇ ಕುಂದಿಸುತ್ತದೆ ಎಂದು ಅವನು ನಂಬಿದ್ದ ರೋಗವನ್ನು ಇನ್ನೊಂದು ಕಡೆಗೂ ಇಟ್ಟ. ಎರಡನೆಯದೇ ಮುಂದೆ ಸ್ಕಿಜೋಫ್ರೇನಿಯಾ ಎನ್ನಿಸಿಕೊಂಡಿತು. ಅದಕ್ಕೂ ಮುಂಚೆ ಈಗಿನ ಎಸ್ಟೋನಿಯಾದ ಡೋರ್ಪಾಟಿನಲ್ಲಿದ್ದಾಗ ಅವನಿಗೆ ಎಸ್ಟೋನಿಯನ್ ಭಾಷೆ ಬರುತ್ತಿರಲಿಲ್ಲ, ಅಲ್ಲಿನ ಬಹುಪಾಲು ರೋಗಿಗಳಿಗೆ ಜರ್ಮನ್ ಬರುತ್ತಿರಲಿಲ್ಲ. ಕಿವಿಗಿಂತ ಕಣ್ಣನ್ನು ನಂಬುವ ಅವನ ಅಭ್ಯಾಸಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಮಾತಿನ ವೇಗ ಹೆಚ್ಚಾಗಿದೆಯೇ, ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುತ್ತಿದೆಯೇ, ಪ್ರಾಸ ಸಿಕ್ಕ ಕಡೆ ಹರಿಯುತ್ತಿದೆಯೇ ಎಂದು ತೀರ್ಮಾನಿಸಲು ಭಾಷೆ ಗೊತ್ತಿರಲೇಬೇಕು. ಕನ್ನಡ, ತೆಲುಗು, ಉರ್ದು, ತಮಿಳು ಒಂದೇ ಸಾಲಿನಲ್ಲಿ ನಿಂತಿರುವ ನಮ್ಮ ಒಪಿಡಿಗಳಲ್ಲಿ ಇದು ಇವತ್ತಿಗೂ ಸಣ್ಣ ವಿಷಯವಲ್ಲ.

ಅಲ್ಲಿಂದ ಅರ್ಧ ಶತಮಾನ, ಹೆಸರು ಯಾವುದಿಟ್ಟರೂ ಚಿಕಿತ್ಸೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 1949ರಲ್ಲಿ ಮೆಲ್ಬರ್ನ್‌ನ ಜಾನ್ ಕೇಡ್, ಲಿಥಿಯಂ ಲವಣ ಕೊಟ್ಟ ಹತ್ತು ಮಂದಿ ಮೇನಿಯಾ ರೋಗಿಗಳ ಬಗ್ಗೆ ಬರೆದರು. ಮೊದಲನೆಯವರು ಐದು ವರ್ಷಗಳಿಂದ ಉನ್ಮಾದದಲ್ಲಿದ್ದ 51ರ ವ್ಯಕ್ತಿ. ಚೇತರಿಸಿಕೊಂಡು ಹಳೆಯ ಕೆಲಸಕ್ಕೆ ಮರಳಿದರು. ಅವರ ಮುಂದಿನ ಕಥೆ ಸುಖದ್ದಲ್ಲ. ಕೆಲವೇ ವರ್ಷಗಳಲ್ಲಿ ಅದೇ ಲಿಥಿಯಂ ನಂಜಾಗಿ ತೀರಿಕೊಂಡರು. ರಕ್ತದಲ್ಲಿ ಅದರ ಮಟ್ಟ ಅಳೆದು ಕೊಡುವ ರೂಢಿ ಇನ್ನೂ ಬಂದಿರಲಿಲ್ಲ. ಆದರೂ ಒಂದು ಮಾತು ಸ್ಥಿರವಾಯಿತು: ಈ ರೋಗಕ್ಕೇ ಹೊಂದುವ ಔಷಧಿ ಇದೆ. ಇನ್ನು ಗುರುತಿಸುವಲ್ಲಿ ತಪ್ಪಿದರೆ ನಷ್ಟ ರೋಗಿಯದು.

ತಪ್ಪುತ್ತಿದ್ದುದು ಎಷ್ಟರಮಟ್ಟಿಗೆ ಎಂಬುದು ಬಯಲಾದದ್ದು ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಹೋಲಿಕೆಯಲ್ಲಿ. ಅಮೆರಿಕದ ಆಸ್ಪತ್ರೆಗಳ ಲೆಕ್ಕದಲ್ಲಿ ಸ್ಕಿಜೋಫ್ರೇನಿಯಾ ವಿಪರೀತ, ಮೇನಿಯಾ ಅಪರೂಪ. ಇಂಗ್ಲೆಂಡಿನಲ್ಲಿ ಮೇನಿಯಾ, ಖಿನ್ನತೆ ಧಾರಾಳ. ಅಟ್ಲಾಂಟಿಕ್ ದಾಟಿದರೆ ಕಾಯಿಲೆ ಬದಲಾಗುತ್ತದೆಯೇ? 1960ರ ದಶಕದಲ್ಲಿ ಒಂದು ತಂಡ ಬ್ರೂಕ್ಲಿನ್ನಿನ ಒಂದು ಆಸ್ಪತ್ರೆಯಲ್ಲೂ ಲಂಡನ್ ಹೊರವಲಯದ ನೆದರ್ನ್ ಆಸ್ಪತ್ರೆಯಲ್ಲೂ ಹೊಸದಾಗಿ ಸೇರಿದ ತಲಾ 250 ಮಂದಿಯನ್ನು ಸಂದರ್ಶಿಸಿತು. ಎರಡೂ ಕಡೆ ಮೊದಲೇ ಗೊತ್ತುಮಾಡಿಕೊಂಡ ಅವೇ ಪ್ರಶ್ನೆಗಳು. ವ್ಯತ್ಯಾಸದ ದೊಡ್ಡ ಪಾಲು ಕರಗಿಯೇ ಹೋಯಿತು! ಬೇರೆಯಾಗಿದ್ದದ್ದು ರೋಗಿಗಳಲ್ಲ, ಕೇಳುವವರ ಕಿವಿ. ತನ್ನಲ್ಲಿ ದೈವಶಕ್ತಿ ಇದೆ ಎನ್ನುವವನ ಮಾತು ಒಬ್ಬ ವೈದ್ಯನಿಗೆ ಸ್ಕಿಜೋಫ್ರೇನಿಯಾ ಆಗಿ ಕೇಳಿಸಿದರೆ, ಅದೇ ಮಾತಿನ ಹಿಂದಿನ ಹುಮ್ಮಸ್ಸು, ಓಡುವ ಲಯ ಇನ್ನೊಬ್ಬನಿಗೆ ಮೇನಿಯಾ ಎಂದು ಹೇಳುತ್ತಿತ್ತು. 1972ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನವನ್ನು ಮನೋವೈದ್ಯಶಾಸ್ತ್ರದ ಅತ್ಯಂತ ಪ್ರಾಮಾಣಿಕ ಕೆಲಸಗಳ ಸಾಲಿಗೆ ನಾನು ಸೇರಿಸುತ್ತೇನೆ.

ಅಲ್ಲಿಂದ ಪಟ್ಟಿಗಳ ಕಾಲ. 1978ರಲ್ಲಿ ರಾಬರ್ಟ್ ಯಂಗ್ ಮತ್ತು ಸಂಗಡಿಗರು ಮೇನಿಯಾ ಅಳೆಯಲು 11 ಅಂಶಗಳ ಮಾಪಕವೊಂದನ್ನು ಮಾಡಿದರು. ಹದಿನೈದರಿಂದ ಮೂವತ್ತು ನಿಮಿಷದ ಮಾತುಕತೆ, ಹಿಂದಿನ 48 ಗಂಟೆಗಳ ವಿಚಾರಣೆ, ಒಟ್ಟು ಅಂಕ 60. ಮಜಾ ಇರುವುದು ಅಂಕ ಹಂಚಿದ ರೀತಿಯಲ್ಲಿ. ಏಳು ಅಂಶಗಳಿಗೆ ತಲಾ ನಾಲ್ಕು. ಸಿಡಿಮಿಡಿ, ಮಾತಿನ ಭರ, ಯೋಚನೆಯ ಹೂರಣ, ಮೈಮೇಲೆ ಬೀಳುವ ವರ್ತನೆ ಈ ನಾಲ್ಕಕ್ಕೆ ಮಾತ್ರ ತಲಾ ಎಂಟು. ತೀವ್ರ ಉನ್ಮಾದದಲ್ಲಿರುವವರು ಪ್ರಶ್ನೆಗೆ ಸಹಕರಿಸುವುದು ಅಪರೂಪ. ಅವರು ಬಾಯಿಬಿಡದಿದ್ದರೂ ವೈದ್ಯರ ಕಣ್ಣಿಗೆ ಬೀಳುವ ಲಕ್ಷಣಗಳಿಗೆ ಹೆಚ್ಚು ತೂಕ. ‘ನಿಮಗೆ ಖುಷಿ ಜಾಸ್ತಿಯಾಗಿದೆಯಾ?’ ಎಂದು ಕೇಳಿ ಗುರುತು ಹಾಕಿಕೊಳ್ಳುವ ಫಾರಂ ಅಲ್ಲ ಇದು. ಬಟ್ಟೆ ಹೇಗೆ ತೊಟ್ಟಿದ್ದಾರೆ, ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದನ್ನು ಯಾವ ಮಾಪಕವೂ ಬರೆದುಕೊಳ್ಳುವುದಿಲ್ಲ: ಮೇನಿಯಾದ ಉಲ್ಲಾಸ ಅಂಟುವಂಥದ್ದು. ನಗುವ ಕಾರಣವಿಲ್ಲದೆ ತಾನೂ ನಗುತ್ತಿದ್ದೇನೆ ಎಂದು ಅರಿವಾದ ವೈದ್ಯರು ಅದನ್ನೂ ಒಂದು ಸುಳಿವಾಗಿ ಹಿಡಿಯುತ್ತಾರೆ.

ನಮ್ಮಲ್ಲಿ ಇಂಥ ಸುಳಿವುಗಳಿಗೆ ಇನ್ನೊಂದು ಮೂಲವಿದೆ: ಮನೆಯವರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಕುಟುಂಬಗಳನ್ನು ಆವರಣದ ಡೇರೆಗಳಲ್ಲೇ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಕುಟುಂಬವನ್ನು ಚಿಕಿತ್ಸೆಯ ಭಾಗವಾಗಿಯೇ ಬೆಳೆಸಿತು. 1980ರ ದಶಕದ ಮಧ್ಯಭಾಗದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟ ನಿಮ್ಹಾನ್ಸ್ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಭಾರತದಲ್ಲಿ ಖಿನ್ನತೆಗಿಂತ ಮೇನಿಯಾದ ಸರದಿಗಳೇ ಹೆಚ್ಚಾಗಿ ಕಾಣುತ್ತವೆ ಎಂದು ಇಲ್ಲಿನ ಹಲವು ಅಧ್ಯಯನಗಳು ಹೇಳಿವೆ. ಮಂಕಾಗಿ ಕೂತವರನ್ನು ಮನೆಯವರು ಸಹಿಸಿಕೊಂಡು, ಗಲಾಟೆ ಮಾಡುವವರನ್ನಷ್ಟೇ ಕರೆತರುವುದೂ ಇದಕ್ಕೆ ಕಾರಣವಿರಬಹುದು.

ಕಷ್ಟ ಇರುವುದು ಸೌಮ್ಯ ರೂಪದಲ್ಲಿ. ಖಿನ್ನತೆಗೆಂದು ಬಂದವರಿಗೆ ಹಿಂದೊಮ್ಮೆ ಮೇನಿಯಾ ಬಂದು ಹೋಗಿದ್ದು, ಅದನ್ನು ಕೇಳದೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ. ಆದರೆ ಆ ದಿನಗಳು ರೋಗಿಯ ನೆನಪಿನಲ್ಲಿ ಉಳಿದಿರುವುದು ‘ಒಳ್ಳೆಯ ಕಾಲ’ ಎಂದು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪರಿಷ್ಕಾರವಾದಾಗ, ಏರಿದ ಅಥವಾ ಸಿಡುಕಿನ ಮನಸ್ಥಿತಿಯ ಜೊತೆಗೆ ಹೆಚ್ಚಿದ ಶಕ್ತಿ-ಚಟುವಟಿಕೆಯನ್ನೂ ಕಡ್ಡಾಯ ಲಕ್ಷಣವಾಗಿ ಸೇರಿಸಿದರು. ಮನಸ್ಸು ಹೇಗಿತ್ತು ಎಂದರೆ ‘ಚೆನ್ನಾಗೇ ಇತ್ತು’ ಎನ್ನುವವರೂ, ಆ ವಾರ ಏನೇನು ಮಾಡಿದಿರಿ ಎಂದರೆ ನಡುರಾತ್ರಿ ಹಚ್ಚಿದ ಬಣ್ಣ, ನೆಂಟರಿಗೆಲ್ಲ ಮಾಡಿದ ಫೋನು, ತೆಗೆದ ಸಾಲ ಎಲ್ಲವನ್ನೂ ಹೆಮ್ಮೆಯಿಂದಲೇ ಹೇಳುತ್ತಾರೆ. ಎರಡೂ ಇರಲೇಬೇಕು ಎಂದರೆ ನಿಜವಾದ ರೋಗಿಗಳಲ್ಲಿ ಕೆಲವರು ಲೆಕ್ಕದಿಂದ ಹೊರಗುಳಿಯುತ್ತಾರೆ ಎಂಬ ಆಕ್ಷೇಪವೂ ಆಗಲೇ ಎದ್ದಿತು. ಆ ವಾದ ಇನ್ನೂ ನಡೆದಿದೆ.