ತೊಟ್ಟಿಲಿಗೆ ಏನು ಹಚ್ಚೋಣ?

ಅಕ್ಕಂದಿರೇ, ಸಾಲಗುಂದದ ಬಡಿಗೇರರು ಹೊಸ ತೊಟ್ಟಿಲು ಮಾಡಿಕೊಟ್ಟರು ಅನ್ನೋಣ. ಅದಕ್ಕೆ ಏನು ಹಚ್ಚೋಣ?

ಎಣ್ಣೆಬಣ್ಣಕ್ಕೆ, ವಾರ್ನಿಶ್‌ಗೆ ಥಿನ್ನರ್ ಕೂಡಿಸುತ್ತಾರೆ. ಒಣಗುವಾಗ ಅದು ಗಾಳಿಗೆ ಸೇರುತ್ತದೆ. ಅದೇ ಗಾಟು ವಾಸನೆ. ತಲೆ ನೋಯುತ್ತದೆ, ಕಣ್ಣು ಉರಿಯುತ್ತದೆ. ಕೂಸಿಗೆ ಇನ್ನೂ ತ್ರಾಸು.

ಚನ್ನಪಟ್ಟಣದ ಗೊಂಬೆಗೆ ಥಿನ್ನರ್ ಬೇಕಿಲ್ಲ. ತಿರುಗುವ ಕಟ್ಟಿಗೆಗೆ ಬಣ್ಣದ ಅರಗು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ.

ಅದಕ್ಕೆ ಯಂತ್ರ ಬೇಕು. ಮನೆಯಲ್ಲಿ ಗಾಣದ ಅಗಸಿ ಎಣ್ಣೆ ಸಾಕು. ತೆಳ್ಳಗೆ ಹಚ್ಚೋಣ. ಹೆಚ್ಚಾದದ್ದು ಒರೆಸೋಣ. ಒಣಗಲು ಎರಡು ಮೂರು ವಾರ ಬೇಕು. ಆಮೇಲೇ ಕೂಸನ್ನು ಮಲಗಿಸೋಣ.

ಎಚ್ಚರ! ಒರೆಸಿದ ಅರಿವೆ ಮುದ್ದೆ ಮಾಡಿ ಇಡಬಾರದು. ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸೋಣ.

ಬಣ್ಣವೇ ಬೇಕೇ? ಅಂಗಡಿಯಲ್ಲಿ ಕೇಳೋಣ: "ಸೀಸ ಇಲ್ಲದ, ನೀರಿನಲ್ಲಿ ಕಲಸುವ ಬಣ್ಣ ಐತೇನ್ರೀ?"