ಹಿರಿಗೊಳವೆಯೂ ಕಿರಿಗೊಳವೆಯೂ ಕೂಡುವ ಬಗೆ

ಪಾಯಿಜಾಮದ ಲಾಡಿ ಹೊರಬಂದಾಗ ಅದನ್ನು ಮತ್ತೆ ಪೋಣಿಸುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಎಲ್ಲರೂ ಬಲ್ಲರು. ತುದಿಗೆ ಪಿನ್ನೊಂದನ್ನು ಚುಚ್ಚಿ ಬಟ್ಟೆಯ ಮಡಿಕೆಯೊಳಗೆ ಅಂಗುಲ ಅಂಗುಲವಾಗಿ ನೂಕಬೇಕು. ನಡುವೆ ಹೊಲಿಗೆಯೊಂದು ಅಡ್ಡಬಂದರೆ ಪಿನ್ನು ಅಲ್ಲಿಯೇ ನಿಲ್ಲುತ್ತದೆ. ಈಗ ಆ ಮಡಿಕೆಯ ಉದ್ದ ಒಂದು ಕಿಲೋಮೀಟರೆಂದೂ, ಅದು ನೆಲದಡಿಯಲ್ಲಿ ಹೂತಿದೆಯೆಂದೂ, ಲಾಡಿಯೊಳಗೆ ಕೂದಲಿನಷ್ಟು ಸಣ್ಣನೆಯ ಗಾಜಿನ ಎಳೆಗಳಿವೆಯೆಂದೂ ಭಾವಿಸಿರಿ. ಅಂತರ್ಜಾಲದ ಸುದ್ದಿಯನ್ನು ಬೆಳಕಿನ ರೂಪದಲ್ಲಿ ಸಾಗಿಸುವ ದ್ಯುತಿತಂತು ಕೇಬಲನ್ನು ಹಾಕುವವರ ಕಷ್ಟ ಇಂಥದು.

ಮೊದಲು ಪಾಲಿಥಿನ್ ಕೊಳವೆಯನ್ನು ಹೂತು, ಆಮೇಲೆ ಅದರೊಳಗೆ ಕೇಬಲನ್ನು ಸಾಗಿಸುವುದು ರೂಢಿ. ನಮ್ಮ ಗ್ರಾಮ ಪಂಚಾಯಿತಿಗಳನ್ನು ಜೋಡಿಸಲು 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಹೊರವ್ಯಾಸ 40, ಒಳವ್ಯಾಸ 33 ಮಿಲಿಮೀಟರಿನ ಕೊಳವೆಗಳು ಬಳಕೆಗೆ ಬಂದುವು.

ಕೇಬಲನ್ನು ಹಗ್ಗ ಕಟ್ಟಿ ಎಳೆಯಬಾರದೇಕೆ? ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ಹುಡುಗನೊಬ್ಬನು ಆ ಹೋರಿಯನ್ನು ಹಿಡಿದು ನಿಲ್ಲಿಸಬಲ್ಲನು. ಘರ್ಷಣ ಗುಣಾಂಕ 0.25 ಇದ್ದರೆ ಒಂದು ಸುತ್ತಿಗೆ ಸೆಳೆತ ಸುಮಾರು 5 ಪಟ್ಟು, ಎರಡು ಸುತ್ತಿಗೆ 23 ಪಟ್ಟು ಬೆಳೆಯುತ್ತದೆ. ಕೊಳವೆಯ ಹಾದಿಯಲ್ಲಿ ನಾಲ್ಕು ಲಂಬಕೋನದ ತಿರುವುಗಳಿದ್ದರೆ ಅದೇ ಒಂದು ಸುತ್ತಾಯಿತು. ಅಷ್ಟು ಸೆಳೆತವನ್ನು ಗಾಜು ತಾಳಲಾರದು. ಆದುದರಿಂದ ಕೇಬಲನ್ನು ಯಂತ್ರದಿಂದ ನೂಕುತ್ತಲೇ ಹಿಂದಿನಿಂದ ಒತ್ತಡದ ಗಾಳಿಯನ್ನು ಊದುತ್ತಾರೆ. ಗಾಳಿಯು ಕೇಬಲಿನ ಮೈಯುದ್ದಕ್ಕೂ ತನ್ನ ಸೆಳೆತವನ್ನು ಹಂಚುತ್ತದೆ. ಒಂದೇ ತುದಿಗೆ ಭಾರ ಬೀಳುವುದಿಲ್ಲ. ಹೀಗೆ ಒಂದು ಕಿಲೋಮೀಟರಿಗೂ ಮೀರಿ ಕೇಬಲನ್ನು ಕಳುಹಿಸಬಹುದು. ಆದರೆ ಇದಕ್ಕೆ ಒಂದು ಕಟ್ಟುಪಾಡುಂಟು: ದಾರಿಯ ಯಾವ ಕೀಲಿನಲ್ಲಿಯೂ ಗಾಳಿ ಸೋರಕೂಡದು.

ಹಳೆಯ ಮಾರ್ಗ ಒಂದು ಅಳತೆಯದು, ಹೊಸದು ಇನ್ನೊಂದು ಅಳತೆಯದು ಆದಾಗ ಇವೆರಡನ್ನು ಕೂಡಿಸಲು ಬೇಕಾದ ಜೋಡಣೆಗೆ, ನಲ್ಲಿ ಕೆಲಸದವರ ಮಾತಿನಲ್ಲಿ, ರೆಡ್ಯೂಸರ್ ಎಂದು ಹೆಸರು. ಅದರ ಎರಡು ಬಾಯಿಗಳೂ ಬೇರೆ ಬೇರೆ ಅಳತೆಯವು. ಪ್ರತಿ ಬಾಯಿಯಲ್ಲಿಯೂ ಗಾಳಿಯನ್ನು ತಡೆಯಲು ಒಂದು ರಬ್ಬರಿನ ಬಳೆ, ಕೊಳವೆಯನ್ನು ಕಚ್ಚಿ ಹಿಡಿಯಲು ಒಂದು ಹಲ್ಲಿನ ಉಂಗುರ ಇರುತ್ತವೆ.

ಈ ಹಲ್ಲುಗಳೇಕೆ ಎಂಬುದನ್ನು ಒಂದು ಸಣ್ಣ ಲೆಕ್ಕ ತಿಳಿಸುತ್ತದೆ. ದೂರದ ತುದಿಯನ್ನು ಮುಚ್ಚಿ, ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಭಾರದ ಒತ್ತಡ ತುಂಬಿದೆವೆನ್ನೋಣ. 40 ಮಿಲಿಮೀಟರಿನ ಕೊಳವೆಯ ಅಡ್ಡ ವಿಸ್ತೀರ್ಣ ಸುಮಾರು 12.6 ಚದರ ಸೆಂಟಿಮೀಟರು. ಎಂದರೆ ಅದನ್ನು ಬಾಯಿಂದ ಹೊರದೂಡುವ ಬಲ 126 ಕಿಲೋಗ್ರಾಂ ಭಾರ! 32 ಮಿಲಿಮೀಟರಿನ ಕೊಳವೆಗೆ ಅದು 80. ಒಂದು ಮೂಟೆ ಅಕ್ಕಿಗಿಂತ ಹೆಚ್ಚಿನ ಭಾರವನ್ನು ಹಿರಿಯ ಬಾಯಿ ಹಲ್ಲು ಕಚ್ಚಿ ಹಿಡಿಯಬೇಕು. ಉಳಿದ 46 ಎಲ್ಲಿಗೆ ಹೋಯಿತೆಂದು ಜಾಣ ವಿದ್ಯಾರ್ಥಿ ಕೇಳಿಯಾನು. ಒಳಗಿನ ಇಳಿಜಾರು ಭುಜದ ಮೇಲೆ ಬೀಳುವ ಗಾಳಿ ರೆಡ್ಯೂಸರಿನ ಒಡಲನ್ನು ಕಿರಿಯ ಬಾಯಿಯ ಕಡೆಗೆ ಅಷ್ಟೇ ಬಲದಿಂದ ಒತ್ತುತ್ತದೆ. ಸಮ ಅಳತೆಯ ಜೋಡಣೆಯಲ್ಲಿ ಈ ಒತ್ತು ಇರುವುದಿಲ್ಲ.

ಹೊರವ್ಯಾಸ ಬೇರೆಯಾಗಿ ಒಳವ್ಯಾಸ ಒಂದೇ ಆಗಿದ್ದರೆ ಕೇಬಲಿಗೆ ಚಿಂತೆಯಿಲ್ಲ. ಸಣ್ಣ ಕೊಳವೆಗಳಲ್ಲಿ 14 ಮಿಲಿಮೀಟರಿನ ದಪ್ಪ ಗೋಡೆಯದನ್ನೂ 12ರ ತೆಳು ಗೋಡೆಯದನ್ನೂ ಕೂಡಿಸುವುದುಂಟು. ಎರಡರ ಒಳಗೂ 10 ಮಿಲಿಮೀಟರೇ. ಕೇಬಲು ಗಡಿ ದಾಟಿದುದನ್ನು ಅರಿಯದೆ ಸಾಗುತ್ತದೆ. ಒಳವ್ಯಾಸವೇ ಬದಲಾದಾಗ ನಿಜವಾದ ತೊಡಕು. ಹಿರಿದರಿಂದ ಕಿರಿದಕ್ಕೆ ಹೋಗುವ ಕೇಬಲಿಗೆ ಅಂಚು ಗೋಡೆಯಾಗಿ ಎದುರಾಗುತ್ತದೆ. ಕಿರಿದರಿಂದ ಹಿರಿದಕ್ಕೆ ಬರುವಾಗ ಅದು ಬರಿಯ ಮೆಟ್ಟಿಲಿಳಿದಂತೆ. ಆದಕಾರಣ ಒಳಮೈ ಆಲಿಕೆಯಂತೆ ಮೆಲ್ಲನೆ ಕಿರಿದಾಗಬೇಕು.

ಗಾಳಿಯ ಕಥೆ ಇನ್ನೂ ಸೂಕ್ಷ್ಮ. ಒಂದೇ ಪ್ರಮಾಣದ ಗಾಳಿ ಹರಿಯುವಾಗ, ಒತ್ತಡದ ಕುಸಿತ ಹೆಚ್ಚುಕಡಿಮೆ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 33ರ ಕೊಳವೆಯ ಮುಂದೆ 26ರದು ಬಂದರೆ ಅಲ್ಲಿ ಮೀಟರಿಗೆ ಕುಸಿತ ಮೂರು ಪಟ್ಟಿಗೂ ಮಿಕ್ಕು. ಕಿರಿದಾದ ಭಾಗವೇ ಒತ್ತಡವನ್ನು ನುಂಗಿಬಿಡುತ್ತದೆ. ಅಗಲವಾದ ಭಾಗದಲ್ಲಿ ಕೇಬಲನ್ನು ಸೆಳೆಯುವ ಬಲ ಕುಗ್ಗುತ್ತದೆ. ಮೇಲಾಗಿ, ಹಿಂದಿನಿಂದ ನೂಕಿಸಿಕೊಂಡ ಕೇಬಲು ಆ ಅಗಲದಲ್ಲಿ ಹಾವಿನಂತೆ ಡೊಂಕಾಗಿ ಗೋಡೆಯನ್ನು ಉಜ್ಜತೊಡಗುತ್ತದೆ.

ನಮ್ಮ ಕಾಲೇಜಿನ ಮುಂದಣ ರಸ್ತೆಯಲ್ಲಿ ಒಮ್ಮೆ ಮುಚ್ಚಿದ ಗುಂಡಿಯನ್ನೇ ಮತ್ತೆ ತೋಡುತ್ತಿದ್ದರು. ವಿಚಾರಿಸಲಾಗಿ ಮೇಸ್ತ್ರಿ ಕೊಳವೆಯ ತುದಿಯನ್ನು ತೋರಿಸಿದರು. ಗರಗಸದಿಂದ ಓರೆಯಾಗಿ ಕೊಯ್ದ ತುದಿ. ಅಂಚಿನ ಸಿವುರು ರಬ್ಬರಿನ ಬಳೆಯನ್ನು ಗೀರಿತ್ತು. "ಒಂದು ನಿಮಿಷದ ಕೆಲಸ ಸ್ವಾಮಿ, ನಾಲ್ಕಾಳಿನ ಒಂದು ದಿನ ಹೋಯಿತು" ಎಂದರು. ತುದಿಯನ್ನು ನೆಟ್ಟಗೆ ಕೊಯ್ದು ಅಂಚನ್ನು ಹೆರೆಯಬೇಕೆಂಬ ನಿಯಮದ ಅರ್ಥ ನನಗೆ ಅಂದು ಚೆನ್ನಾಗಿ ತಿಳಿಯಿತು.

ಕೇಬಲು ಊದುವ ಮುನ್ನ ಕೊಳವೆಯಲ್ಲಿ ಗಟ್ಟಿಯಾದೊಂದು ಗುಂಡನ್ನು ಗಾಳಿಯಿಂದ ಓಡಿಸಿ ದಾರಿ ಸುಗಮವೇ ಎಂದು ನೋಡುತ್ತಾರೆ. ರೆಡ್ಯೂಸರ್ ಇರುವೆಡೆ ಈ ಪರೀಕ್ಷೆಯೂ ಇಕ್ಕಟ್ಟಿನದು: ಕಿರಿಗೊಳವೆಗೆ ತಕ್ಕ ಗುಂಡು ಹಿರಿಗೊಳವೆಯ ಜಜ್ಜುಗಾಯಗಳ ಪಕ್ಕದಿಂದ ನುಸುಳಿಹೋದೀತು; ಹಿರಿಯದಕ್ಕೆ ತಕ್ಕುದು ಸಂಧಿಯಲ್ಲಿ ಸಿಕ್ಕಿಕೊಂಡೀತು. ಆದುದರಿಂದ ಕೀಲನ್ನು ಕೂಡಿಸುವುದಕ್ಕೆ ಮೊದಲೇ ಎರಡು ಭಾಗಗಳನ್ನೂ ಬೇರೆ ಬೇರೆಯಾಗಿ, ಅವವುಗಳ ಅಳತೆಯ ಗುಂಡಿನಿಂದ ಪರೀಕ್ಷಿಸುವುದು ಲೇಸು.